ಪೂಜೆಗೊಂಡ ಗಾಜಿನ ಪಟ್ಟಿಗಳು

ಶೇಂಗಾ ಹುರಿಯುತ್ತಿದ್ದೆ. ಮಗಳ ಫೋನು ಬಂತು.

“ಅವ್ವಾ, ಬ್ಯಾರೆ ಡಬ್ಬಿ ತರಿಸಿದ್ನಲ್ಲ, ಆ ಗಾಜಿನ ಮ್ಯಾಲೆ ಹನಿ ಸರಿಯಾಗಿ ಕೂಡ್ಲಿಕತ್ತದ. ಮೂರು ಸಲ ಮಾಡಿದೆ, ಮೂರೂ ಸಲ ಅಷ್ಟ ಬಂತು.”

ಒಲೆ ಆರಿಸಿ ದೇವರ ಗೂಡಿನ ಕಡೆ ತಿರುಗಿ ಕೈ ಮುಗಿದೆ.

ಮಗಳು ದೇಹೂ ರೋಡಿನ ನಮ್ಮ ಮನೆಯಿಂದ ದಿನಾ ಲೋಕಲ್ ರೈಲು ಹಿಡಿದು ಕಾಲೇಜಿಗೆ ಹೋಗಿ ಸಂಶೋಧನೆ ಮಾಡುತ್ತಾಳೆ. ನನಗೆ ತಿಳಿದಷ್ಟು ಹೇಳುತ್ತೇನೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಬಿಟ್ಟರೆ ಅದರ ಅಂಚು ಗಾಜಿಗೆ ಒಂದು ಕೋನದಲ್ಲಿ ತಾಗುತ್ತದೆ. ಗಾಜು ಬಿಸಿಯಾದಂತೆ ಅವಳ ಹನಿಯ ಕೋನ ಸ್ವಲ್ಪ ಸ್ವಲ್ಪವೇ ಇಳಿಯಬೇಕು. ಪಟ್ಟಿಯ ಒಂದು ತುದಿ ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ ಹನಿಯ ಎರಡು ಅಂಚೂ ಬೇರೆ ಬೇರೆ ಕೋನ ಹಿಡಿಯುತ್ತವೆ. ಅದರ ಫೋಟೊ ತೆಗೆದು ಅಳೆಯುವುದೇ ಅವಳ ಕೆಲಸ.

ದಸರೆಯ ನಂತರ ಅಳತೆ ಕೆಟ್ಟಿತು. ಕೋನ ಒಮ್ಮೆ ಏರುವುದು, ಒಮ್ಮೆ ದಿಢೀರನೆ ಬೀಳುವುದು. ಹೀಟರ್ ಬದಲಿಸಿದಳು, ಥರ್ಮಾಮೀಟರ್ ಬದಲಿಸಿದಳು. ತಿಂಗಳೊಳಗೆ ಸರಿಯಾಗದಿದ್ದರೆ ಈ ವಿಷಯವನ್ನೇ ಬಿಡಬೇಕೆಂದರು ಅವಳ ಸರ್. ಎರಡು ವರ್ಷದ ದುಡಿಮೆ. ನಾನು ದೇವರಿಗೆ ಇನ್ನೊಂದು ಬತ್ತಿ ಹೆಚ್ಚು ಹಚ್ಚತೊಡಗಿದೆ.

ಹೋದ ವಾರ ಊಟಕ್ಕೆ ಕೂತಾಗ ಅವಳೇ ಅಂದಳು: “ಹಬ್ಬಕ್ಕ ನಂಬರ್ ಬರೀಲಿಕ್ಕೆ ಮನೀಗೆ ತಂದಿದ್ನಲ್ಲ, ಆ ಗಾಜಿನ ಪಟ್ಟಿ ಡಬ್ಬಿ ತಗದಾಗಿಂದ ಹಿಂಗ. ಆದ್ರ ಹೊಸಾ ಗಾಜಿನಾಗ ಏನಿರ್ತದ?”

ಕೈಯಲ್ಲಿದ್ದ ತುತ್ತು ತಾಟಿಗಿಟ್ಟೆ. ದಸರೆಯ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಕತ್ತರಿಗೂ ಹೊಲಿಗೆ ಯಂತ್ರಕ್ಕೂ ಪೂಜೆ ಮಾಡುವಾಗ, ಇವಳ ಹತ್ಯಾರ ಇವೇ ಅಲ್ಲವೇ ಎಂದು ಡಬ್ಬಿ ಬಿಚ್ಚಿ, ಒಂದೊಂದು ಪಟ್ಟಿಗೂ ತುಪ್ಪದಲ್ಲಿ ಕಲಸಿದ ಕುಂಕುಮ ಇಟ್ಟಿದ್ದೆ. ಬಯ್ಯುತ್ತಾಳೆಂದು ಆಮೇಲೆ ಬಟ್ಟೆಯಿಂದ ಒರೆಸಿ ಸುಮ್ಮನೆ ಜೋಡಿಸಿಟ್ಟಿದ್ದೆ. ಈಗಲೂ ಸುಮ್ಮನಿರಬಹುದಿತ್ತು. ಹೇಳಿಬಿಟ್ಟೆ.

“ಒರಸೀದೇನು?”

“ಭಾಳ ಛಂದ ಒರಸೀನಿ.”

“ಛಂದ ಒರಸಿದ್ದಕ್ಕ ಎಲ್ಲಾ ಕಡೆ ಹಬ್ಬೇದ. ತಣ್ಣಗಿದ್ರ ಗಟ್ಟಿ, ಬಿಸಿ ಆದ್ರ ಕರಗ್ತದ. ಇಷ್ಟ ದಿನ ನಾ ಹನಿ ಅಳದಿಲ್ಲವ್ವಾ, ನಿನ್ನ ತುಪ್ಪಾ ಅಳದೀನಿ.”

ಬಯ್ಯುತ್ತಾಳೆಂದು ತಲೆ ತಗ್ಗಿಸಿ ಕೂತೆ. ಅವಳಿಗೆ ನಗು ಬಂತು. “ಪುಣ್ಯಾ, ನಮ್ಮ ಸರ್‌ಗೂ ಕುಂಕುಮ ಹಚ್ಚಲಿಲ್ಲ.” ನಗುತ್ತಲೇ ಕಣ್ಣು ಒರೆಸಿಕೊಂಡಳು.

ಇವತ್ತಿನ ಫೋನಿನಲ್ಲಿ ಕೊನೆಗೆ ಅಂದಳು: “ಸರ್ ಹೂಂ ಅಂದಾರ. ವಿಷಯ ಬಿಡೂದಿಲ್ಲ. ಮುಂದಿನ ವರ್ಷ ಪೂಜಾ ಮಾಡು, ಡಬ್ಬಿ ಮಾತ್ರ ಬಿಚ್ಚಬ್ಯಾಡ.”

ದೇವರಲ್ಲಿ ನಾನು ಬೇಡಿದ್ದು ಅಳತೆ ಸರಿಯಾಗಲೆಂದು. ಅವನು ಮೊದಲು ನನ್ನ ಬಾಯಿ ಬಿಚ್ಚಿಸಿದ. ತಿಂಗಳು ಮುಗಿಯುವ ಮೊದಲೇ ಬಿಚ್ಚಿಸಿದ, ಅದು ದೊಡ್ಡ ಉಪಕಾರ. ತಪ್ಪು ಒಪ್ಪಿಕೊಂಡ ತಾಯಿಯನ್ನು ನೋಡಿ ನಗುವ ಮಗಳನ್ನು ಕೊಟ್ಟದ್ದು ಇನ್ನೂ ದೊಡ್ಡದು.

ನಳದ ನೀರು ಬರುವ ಹೊತ್ತಾಗಿತ್ತು. ಕೊಡ ತೊಳೆದು ನಳದ ಕೆಳಗಿಟ್ಟೆ.