ತಾನಾಗಿಯೇ ನಿಂತ ಮನೆ

ಬೆಳಕು ಹರಿಯುವ ಮೊದಲು ಬೀಗದಕ್ಕನಿಗೆ ಇದ್ದ ಕೆಲಸಗಳು ಇವು. ನಾಲ್ಕೂವರೆಗೆ ಎದ್ದು ಮುಖಕ್ಕೆ ನೀರು ಹಾಕಿಕೊಂಡು ಸೊಂಟಕ್ಕೆ ಕೀಲಿಗೊಂಚಲು ಸಿಕ್ಕಿಸಿಕೊಳ್ಳುವುದು. ಕುದುರೆ ಲಾಯದ ಎಂಟು ಬಾಗಿಲುಗಳ ಮೇಲಿನ ಅರ್ಧವನ್ನು ಮಾತ್ರ ತೆರೆದು ಒಳಗಿನ ಮುಗ್ಗಲು ಗಾಳಿಯನ್ನು ಹೊರಗೆ ಬಿಡುವುದು. ಕೆಳಗಿನ ಅರ್ಧ ತೆರೆದರೆ ಬೀದಿನಾಯಿಗಳು ಒಳಗೆ ಸಂಸಾರ ಹೂಡುತ್ತವೆ. ಅಂಗಳದ ಮೂಲೆಯ ಮೋರಿಯ ಬಾಯಿಂದ ಎಲೆ ತೆಗೆಯುವುದು. ದೊಡ್ಡ ಮನೆಯ ಹಿಂಬಾಗಿಲಿಂದ ಒಳಹೊಕ್ಕು, ಅಟ್ಟಕ್ಕೆ ಹತ್ತಿ, ಒಡೆದ ಹೆಂಚಿನ ಕೆಳಗಿಟ್ಟ ಬೋಗುಣಿಯ ನೀರು ಚೆಲ್ಲಿ ಬರುವುದು. ಮುಂಬಾಗಿಲಿನ ಅಂಚಿಗೆ ಮೇಣದಬತ್ತಿಯ ತುಂಡು ಉಜ್ಜುವುದು. ಇಲ್ಲದಿದ್ದರೆ ತೇವಕ್ಕೆ ಉಬ್ಬಿ, ಇಬ್ಬರು ಗಂಡಾಳು ತಳ್ಳಿದರೂ ಅದು ಜಗ್ಗುವುದಿಲ್ಲ. ಪುಸ್ತಕದ ಕೋಣೆಯ ಅಗ್ಗಿಷ್ಟಿಕೆಯಲ್ಲಿ ಎರಡು ಕೊರಡು ಹೊತ್ತಿಸಿ, ಕೆಂಡವಾದ ಮೇಲೆ ಬೂದಿ ಮುಚ್ಚುವುದು. ಕೊನೆಗೆ ಪೂರ್ವದ ಹದಿಮೂರು ಕಿಟಕಿಗಳನ್ನು ತೆರೆಯುವುದು. ಬಿಸಿಲು ಮೆಟ್ಟಿಲಿನ ಎರಡನೆಯ ಹಂತ ಮುಟ್ಟಿದ ಕೂಡಲೆ ಅವನ್ನು ಮತ್ತೆ ಮುಚ್ಚಬೇಕು, ಪರದೆಗಳ ಬಣ್ಣ ಹೋಗದಿರಲೆಂದು.

ಇಷ್ಟಾದ ಮೇಲೆ ಒಂದು ಲೋಟ ಚಹಾ ಕುಡಿಯುತ್ತಿದ್ದಳು. ಆಮೇಲೆ ಕೆಲಸ ಶುರುವಾಗುತ್ತಿತ್ತು. ಕೆಲಸವೆಂದರೆ ಗುಡಿಸುವುದು, ಒರೆಸುವುದು, ದೂಳು ಹೊಡೆಯುವುದು, ನಾಲ್ಕು ಜನರ ಕಣ್ಣಿಗೆ ಬೀಳುವಂಥದ್ದು. ಬೆಳಕಿಗೆ ಮೊದಲಿನದನ್ನು ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಾಗಿಲು ಉಬ್ಬಿದ ವರ್ಷ ಮೇಣ ಬಂತು, ಪುಸ್ತಕಗಳಿಗೆ ಬೂಷ್ಟು ಹಿಡಿದ ವರ್ಷ ಕೆಂಡ ಬಂತು. ಒಂದೊಂದನ್ನೂ ಅವಳೇ ಕಂಡುಕೊಂಡು ಮೈಗೆ ಹಚ್ಚಿಕೊಂಡಿದ್ದಳು. ಬೇಸರವೇ ಎಂದು ಕೇಳಿದರೆ ಇಲ್ಲ ಎನ್ನುತ್ತಿದ್ದಳು, ಅದು ಸುಳ್ಳೂ ಅಲ್ಲ. ಆ ಹೊತ್ತಿನಲ್ಲಿ ಇಪ್ಪತ್ತೆರಡು ಕೋಣೆಗಳ ಆ ಹಳೆಯ ಮನೆಯಲ್ಲಿ ಅವಳ ಹೆಜ್ಜೆಯ ಸದ್ದೊಂದೇ ಇರುತ್ತಿತ್ತು. ದೊಡ್ಡ ಪಡಸಾಲೆಯ ಕನ್ನಡಿಯ ಮುಂದೆ ನಿಂತು, ಯಾರಪ್ಪನ ಭಯವೂ ಇಲ್ಲದೆ, ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಅವಳು ಇಲ್ಲಿಗೆ ಬಂದದ್ದು ಲಾಯದವನ ಹೆಂಡತಿಯಾಗಿ, ಮೂವತ್ತೆಂಟು ವರ್ಷದ ಹಿಂದೆ. ಲಾಯದ ಪಕ್ಕದ ಚಿಕ್ಕ ಮನೆ, ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಿಲಲ್ಲಿ ಬಾವಿ, ಗಂಡನ ನೌಕರಿಯ ಜೊತೆ ಬಂದಿತ್ತು. ನೇಮಕದ ಪತ್ರಕ್ಕೆ ಅವನು ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದ: 'ಲಾಯದ ಮೇಲ್ವಿಚಾರಕರಾಗಿ ನೇಮಿಸಲಾಗಿದೆ. ವಾಸಕ್ಕೆ ಚಿಕ್ಕ ಮನೆಯನ್ನು ಕೊಡತಕ್ಕದ್ದು.' ಅವಳ ಕೈಗೆ ಕೀಲಿಗೊಂಚಲು ಬಂದದ್ದು ಯಾವ ಪತ್ರವೂ ಇಲ್ಲದೆ. ಯಜಮಾನಮ್ಮ ಹೆರಿಗೆಗೆಂದು ತವರಿಗೆ ಹೊರಟಾಗ, ನಾನು ಬರುವ ತನಕ ಇಟ್ಟುಕೊಂಡಿರು ಎಂದು ಕೊಟ್ಟರು. ಕೂಸಿನೊಂದಿಗೆ ಮರಳಿದ ಮೇಲೆ ವಾಪಸು ಕೇಳಲು ಅವರಿಗೆ ಪುರುಸೊತ್ತಾಗಲಿಲ್ಲ. ಕೀಲಿ ಅಲ್ಲೇ ಉಳಿಯಿತು, ಬೀಗದಕ್ಕ ಎಂಬ ಹೆಸರೂ ಉಳಿಯಿತು.

ಒಮ್ಮೆ ಅವಳು ಗಂಡನನ್ನು ಕೆಣಕಿದ್ದಳು. "ನಿನ್ನ ಕುದುರೆಗಳಿಗೂ ಒಂದೊಂದು ಕಾಗದ ಇದೆ. ನನಗೆ ಮಾತ್ರ ಏನೂ ಇಲ್ಲ."

"ಕುದುರೆ ಓಡಿಹೋಗುತ್ತೆ ಅನ್ನೋ ಭಯ ಇರುತ್ತೆ ಕಣೇ. ನೀನು ಎಲ್ಲಿ ಹೋಗ್ತೀಯ?" ಎಂದಿದ್ದ ಅವನು. ಒಳ್ಳೆಯ ಮನುಷ್ಯ, ಆದರೆ ಕುಡಿದ ಲೋಟವನ್ನು ಎತ್ತಿಟ್ಟವನಲ್ಲ. ಕುದುರೆಗಳು ಒಂದೊಂದಾಗಿ ಮಾರಾಟವಾದವು. ಆರು ವರ್ಷದ ಹಿಂದೆ ಅವನೂ ಹೋದ. ಚಿಕ್ಕ ಮನೆ ಬಿಡು ಎಂದು ಯಾರೂ ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ.

ಆ ಕೂಸು ಈಗ ಮೂವತ್ತಾರು ವರ್ಷದ ಕಾಲೇಜು ಅಧ್ಯಾಪಕಿ, ಬೀಗದಕ್ಕನ ಬಾಯಲ್ಲಿ ಈಗಲೂ ಪುಟ್ಟಿ. ತಂದೆ ತಾಯಿ ತೀರಿದ ಮೇಲೆ ಮನೆ ಪುಟ್ಟಿಯ ಪಾಲಿಗೆ ಬಂದಿತ್ತು. ತಿಂಗಳಿಗೊಮ್ಮೆ ಪಟ್ಟಣದಿಂದ ಬಂದು, ಮೊದಲು ಚಿಕ್ಕ ಮನೆಗೆ ನುಗ್ಗಿ, ಚಹಾ ಕುಡಿದು, ಬೀಗದಕ್ಕನ ತೊಡೆಯ ಮೇಲೆ ತಲೆಯಿಟ್ಟು ಅರ್ಧ ಗಂಟೆ ಹರಟಿ, ಆಮೇಲೆ ದೊಡ್ಡ ಮನೆಗೆ ಹೋಗುವವಳು. ಮನೆ ಮಾರುತ್ತೇನೆ ಎಂದು ಹೇಳಿದ್ದೂ ಹಾಗೆ ಮಲಗಿಕೊಂಡೇ. ಅಲ್ಲಿ ಒಂದು ಸಂಸಾರ, ಇಲ್ಲಿ ಒಂದು ಅರಮನೆ, ತನ್ನಿಂದ ಆಗದು ಎಂದಳು. ಚಿಕ್ಕ ಮನೆಯ ವಿಚಾರ ಬಂದಾಗ, ಕೊಳ್ಳುವವರು ಒಳ್ಳೆಯವರು ಸಿಗಲಿ ಅಕ್ಕಾ, ನೋಡೋಣ ಎಂದಳು.

ಆ 'ನೋಡೋಣ'ದ ಮೇಲೆ ಬೀಗದಕ್ಕನ ಸೂರು ನಿಂತಿತ್ತು.

ಮುಂದಿನ ವಾರ ದಲ್ಲಾಳಿ ಬಂದ. ಟೇಪು ಹಿಡಿದು ಜಮೀನು, ಲಾಯ, ಕೋಣೆ ಎಲ್ಲ ಅಳೆದ. ಫೋಟೋ ತೆಗೆಯುವಾಗ ಬೀಗದಕ್ಕನನ್ನು ಸ್ವಲ್ಪ ಆಚೆ ನಿಲ್ಲಿ ಎಂದ. ನಾಲ್ಕು ದಿನದ ನಂತರ ಜಾಹೀರಾತಿನ ಕಾಗದವೊಂದು ಅವಳ ಕೈಗೂ ಬಂತು. 'ನೂರ ಎಂಬತ್ತು ವರ್ಷದ ಇತಿಹಾಸವಿರುವ ಭವ್ಯ ಮನೆ. ಕುದುರೆ ಲಾಯ, ಹನ್ನೊಂದು ಎಕರೆ ಜಮೀನು. ಜೊತೆಗೆ ಒಂದು ಚಿಕ್ಕ ಮನೆ, ಖಾಲಿ. ಹಳೆಯ ಕಾಲದ ಗಟ್ಟಿ ಕಟ್ಟಡವಾದ್ದರಿಂದ ನಿರ್ವಹಣೆಯ ತಲೆನೋವಿಲ್ಲ.' ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. 'ಖಾಲಿ' ಎಂಬ ಪದವನ್ನು ಉಗುರಿನಿಂದ ಕೆರೆದು ನೋಡಿದಳು. ತಲೆನೋವಿಲ್ಲ ಎಂಬುದಕ್ಕೆ ನಗು ಬಂತು. ಯಾರ ತಲೆಗೆ, ಎಂದು ಗಾಜಿನೊಳಗಿನ ಪತ್ರವನ್ನು ಕೇಳಿದಳು.

ಅದೇ ಹೊತ್ತಿಗೆ ಅವಳ ತಂಗಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ತಂಗಿ ಟೈಲರ್, ಒಂಟಿ ಜೀವ. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಔಷಧಿ ಬಿಡಲು ಒಂದು ಕೈ ಬೇಕಿತ್ತು. ಮೂವತ್ತೆಂಟು ವರ್ಷದಲ್ಲಿ ಬೀಗದಕ್ಕ ಎರಡು ರಾತ್ರಿಗಿಂತ ಹೆಚ್ಚು ಹೊರಗೆ ಮಲಗಿದ್ದಿಲ್ಲ. ಪುಟ್ಟಿಗೆ ಫೋನು ಮಾಡಿ ಎಂಟು ದಿನದ ರಜೆ ಕೇಳಿದಳು.

"ಅದನ್ನೂ ಕೇಳಬೇಕಾ ಅಕ್ಕಾ? ಹೋಗಿ ಬಾ. ನಾನು ರಜೆ ಹಾಕಿ ಬಂದು ಇರ್ತೀನಿ, ಮನೆ ನೋಡೋಕೆ ಜನ ಬರೋರಿದ್ದಾರೆ," ಎಂದಳು ಪುಟ್ಟಿ. "ಅಲ್ಲಿ ಅಂಥ ಕೆಲಸ ಏನಿದೆ? ಆ ಮನೆ ತಾನಾಗಿಯೇ ನಿಂತಿರುತ್ತೆ."

ಅಟ್ಟದ ಬೋಗುಣಿ, ಬಾಗಿಲಿನ ಮೇಣ, ಮೋರಿಯ ಎಲೆ ಎಲ್ಲವೂ ಬೀಗದಕ್ಕನ ನಾಲಗೆಯ ತುದಿಗೆ ಬಂದವು. ಹೇಳಬಹುದಿತ್ತು. ಹೇಳಿದ್ದರೆ ಪುಟ್ಟಿ ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದಳು ಕೂಡ. "ಹೂಂ, ನಿಂತಿರುತ್ತೆ ಬಿಡು," ಎಂದು ಬೀಗದಕ್ಕ ಫೋನು ಇಟ್ಟಳು.

ತಂಗಿಯ ಮನೆಯೆಂದರೆ ಹೊಲಿಗೆ ಅಂಗಡಿಯ ಹಿಂದಿನ ಒಂದೇ ಕೋಣೆ. ಒಂದೇ ಮಂಚ, ಮೂಲೆಯ ತುಂಬ ಬಟ್ಟೆಯ ಗಂಟು, ಮೇಲೆ ಎತ್ತಿದ ಕಾಲು ಕೆಳಗೆ ಇಟ್ಟರೆ ಸೂಜಿ. ಮೊದಲ ಎರಡು ದಿನ ಬೀಗದಕ್ಕ ನಾಲ್ಕೂವರೆಗೇ ಎದ್ದು ಏನು ಮಾಡುವುದೆಂದು ತೋಚದೆ ಗಂಟು ಬಿಚ್ಚಿ ತುಂಡುಬಟ್ಟೆಗಳನ್ನು ಬಣ್ಣಬಣ್ಣವಾಗಿ ವಿಂಗಡಿಸಿದಳು. ಮೂರನೆಯ ದಿನ ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು. ತಂಗಿ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಅರ್ಧ ಚೆಲ್ಲಿದ ಚಹಾ ಹಿಡಿದು ಮಂಚದ ಪಕ್ಕ ನಿಂತಿದ್ದಳು.

"ಏಳು ಮಹಾರಾಣಿ. ಒಂದು ಕಣ್ಣಲ್ಲಿ ಮಾಡಿದ ಚಹಾ, ಸಕ್ಕರೆಗೆ ನಾನು ಜವಾಬ್ದಾರಳಲ್ಲ."

ಬೀಗದಕ್ಕ ಎದ್ದು ಕೂತು ಲೋಟ ತೆಗೆದುಕೊಂಡಳು. ಇನ್ನೊಬ್ಬರು ಮಾಡಿದ ಚಹಾವನ್ನು ಹಾಸಿಗೆಯಲ್ಲಿ ಕೂತು ಕುಡಿದದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ನೋಡಿದಳು, ಸಿಗಲಿಲ್ಲ. ಚಹಾ ಉಪ್ಪುಪ್ಪಾಗಿತ್ತು. ತಂಗಿ ಡಬ್ಬಿ ತಪ್ಪಿದ್ದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಟ್ಟಿ ಜಾರುತ್ತೆ, ನಗಬೇಡ ಎಂದು ಗದರುತ್ತಲೇ ಬೀಗದಕ್ಕ ಲೋಟ ಖಾಲಿ ಮಾಡಿದಳು.

ಇಲ್ಲೇ ಇದ್ದುಬಿಡು ಎಂದು ತಂಗಿ ಕರೆದಳು. ಬೀಗದಕ್ಕನಿಗೆ ಆಸೆಯಾಗದೆ ಇರಲಿಲ್ಲ. ಆದರೆ ಆ ಮಂಚದ ಮೇಲೆ ಇಬ್ಬರು ಒಟ್ಟಿಗೆ ಮಗ್ಗುಲು ಬದಲಾಯಿಸಬೇಕಿತ್ತು, ಹಗಲಿಡೀ ಮಿಷನ್ನಿನ ಸದ್ದಿಗೆ ಕಿವಿ ಜುಂ ಎನ್ನುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ತನಗೆ ತನ್ನ ಬಾವಿಕಟ್ಟೆ, ತನ್ನ ಹಿತ್ತಿಲು ಬೇಕು ಎಂಬುದು ಅವಳಿಗೆ ಅಲ್ಲಿ ಸ್ಪಷ್ಟವಾಯಿತು. ಬೇಡವಾದದ್ದು ನಾಲ್ಕೂವರೆ ಮಾತ್ರ.

ಆರನೆಯ ದಿನ ಪುಟ್ಟಿಯ ಫೋನು ಬಂತು. ದನಿ ಸಣ್ಣಗಾಗಿತ್ತು. ಎರಡು ದಿನ ಮಳೆ ಬಂದಿತ್ತಂತೆ. ಮನೆ ನೋಡಲು ಬಂದ ಡಾಕ್ಟರ್ ದಂಪತಿಗೆ ಮುಂಬಾಗಿಲು ತೆರೆಯಲೇ ಇಲ್ಲವಂತೆ. ದಲ್ಲಾಳಿ ಭುಜ ಕೊಟ್ಟು ತಳ್ಳಿ ಭುಜ ಉಳುಕಿಸಿಕೊಂಡ ಮೇಲೆ, ಎಲ್ಲರೂ ಹಿಂಬಾಗಿಲಿಂದ ಬಂದರಂತೆ, ಅದೂ ಮೊಣಕಾಲಿನವರೆಗೆ ನೀರು ನಿಂತ ಅಂಗಳ ದಾಟಿ. ಊಟದ ಕೋಣೆಯ ಚಾವಣಿಯಲ್ಲಿ ಎಮ್ಮೆಯಷ್ಟು ದೊಡ್ಡ ಕಲೆ. ಪುಸ್ತಕದ ಕೋಣೆಯಲ್ಲಿ ಡಾಕ್ಟರ್ ಹೆಂಡತಿ ಮೂಗು ಮುಚ್ಚಿಕೊಂಡರಂತೆ.

"ಮನೆಗೆ ಏನೋ ಆಗಿಬಿಟ್ಟಿದೆ ಅಕ್ಕಾ. ಇಷ್ಟು ವರ್ಷ ಹೀಗಿರಲಿಲ್ಲ."

"ಮನೆಗೆ ಏನೂ ಆಗಿಲ್ಲ ಮಗಾ. ನಾನು ಇಲ್ಲಿದ್ದೀನಿ, ಅಷ್ಟೆ," ಎಂದಳು ಬೀಗದಕ್ಕ.

ಬಾಗಿಲು, ಮೋರಿ, ಚಾವಣಿ ಎಂದು ಪುಟ್ಟಿ ಒಂದೊಂದಾಗಿ ಎಣಿಸಿದಳು. ಅಧ್ಯಾಪಕಿಯಲ್ಲವೇ, ಲೆಕ್ಕ ತಡವಾದರೂ ಸರಿಯಾಗಿ ಹತ್ತಿತು. ನಾಳೆಯೇ ಬಾ ಎಂದು ಅವಳು ಕೇಳಲಿಲ್ಲ. ತಂಗಿಯ ಕಣ್ಣು ಹೇಗಿದೆ ಎಂದು ಕೇಳಿ, ಎಂಟು ದಿನ ಮುಗಿಸಿಯೇ ಬಾ ಎಂದಳು. ಬೀಗದಕ್ಕ ಮುಗಿಸಿಯೇ ಹೋದಳು.

ಒಂದು ದಿನದಲ್ಲಿ ಮೋರಿ ಬಿಡಿಸಿದ್ದಾಯಿತು, ಕೆಂಡ ಹಾಕಿದ್ದಾಯಿತು. ಈ ಸಲ ಪುಟ್ಟಿ ಹಿಂದೆ ಹಿಂದೆ ಬಂದು ಮೇಣದಬತ್ತಿ ತಾನೇ ಉಜ್ಜಿದಳು. ಹೆಂಚು ಬದಲಾಯಿಸಲು ಆಳು ಕರೆಸಿದಳು. ಮೂವತ್ತು ವರ್ಷ ಬೋಗುಣಿ ಹೊರುವ ಬದಲು ಒಂದು ಹೆಂಚು ಸಾಕಾಗಿತ್ತು ಎಂದು ಬೀಗದಕ್ಕನಿಗೂ ಆಗಲೇ ಹೊಳೆದದ್ದು. ಯಾರಿಗೂ ಹೇಳದೆ ನಡೆಸಿಕೊಂಡು ಹೋಗುವುದರಲ್ಲಿ ತನಗೂ ಒಂದು ಗತ್ತು ಇತ್ತಲ್ಲ ಎಂದು ಅವಳು ತನ್ನೊಳಗೇ ಮುಸಿಮುಸಿ ನಕ್ಕಳು.

ಮನೆ ನೋಡಲು ಎರಡನೆಯದಾಗಿ ಬಂದವಳು ಕುದುರೆ ಸವಾರಿ ಕಲಿಸುವ ಟೀಚರ್. ಐವತ್ತರ ಹೆಂಗಸು, ಬೂಟಿಗೆ ಮಣ್ಣು ಮೆತ್ತಿಕೊಂಡೇ ಬಂದು, ಅದನ್ನು ಹೊರಗೆ ಬಿಚ್ಚಿಟ್ಟು ಒಳಗೆ ಹೆಜ್ಜೆಯಿಟ್ಟಳು. ಬೀಗದಕ್ಕನಿಗೆ ಅವಳು ಅಲ್ಲೇ ಅರ್ಧ ಒಪ್ಪಿಗೆಯಾದಳು. ಲಾಯಕ್ಕೆ ಆರು ಕುದುರೆ ತರುವವಳಂತೆ. ಅವಳು ಕೋಣೆಗಳ ಅಳತೆ ಕೇಳಲಿಲ್ಲ. ಬಾಗಿಲಿನ ಅಂಚಿಗೆ ಬೆರಳು ಒತ್ತಿ ಮೇಣ ನೋಡಿದಳು, ಅಗ್ಗಿಷ್ಟಿಕೆಯ ಬೂದಿ ಕೆದಕಿ ಕೆಂಡ ನೋಡಿದಳು.

"ಇದನ್ನೆಲ್ಲ ಯಾರು ನೋಡ್ಕೊಳ್ತಾರೆ?"

ದಲ್ಲಾಳಿ, ಉಳುಕಿದ ಭುಜದಲ್ಲೇ, ಗಟ್ಟಿ ಕಟ್ಟಡ ಮೇಡಂ, ತಾನಾಗಿಯೇ ಎಂದು ಶುರುಮಾಡಿದ. ಪುಟ್ಟಿ ಅವನ ಮಾತು ತಡೆದು ಬೀಗದಕ್ಕನ ಕಡೆ ಕೈ ತೋರಿಸಿದಳು. "ಇವರು. ಕೂಸಾಗಿದ್ದಾಗಿನಿಂದ ಇಲ್ಲೇ ಬೆಳೆದೂ ನನಗೆ ಗೊತ್ತಾಗಿದ್ದು ಹೋದ ವಾರ."

ವ್ಯಾಪಾರ ಕುದುರಿತು. ಸವಾರಿ ಟೀಚರ್ ಚಿಕ್ಕ ಮನೆಗೆ ಬಂದು, ಗೋಡೆಯ ಪತ್ರವನ್ನು ನಿಂತು ಓದಿ, ತನ್ನ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಬೀಗದಕ್ಕ ಇರುವಷ್ಟು ಕಾಲವೂ ಚಿಕ್ಕ ಮನೆ ಅವಳದೇ, ಕೆಲಸ ಬಿಟ್ಟರೂ ಅವಳದೇ ಎಂದು ಅದರಲ್ಲಿತ್ತು. ಸಂಬಳವೂ ನ್ಯಾಯವಾಗಿತ್ತು. ಮೂರು ಜಾಗ ಮಾತ್ರ ಖಾಲಿ: ಹೆಸರು, ಹುದ್ದೆ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ.

"ನಾನು ತುಂಬಿದ್ರೆ ನನಗೆ ಬೇಕಾದ ಹಾಗೆ ತುಂಬ್ತೀನಿ," ಎಂದಳು ಟೀಚರ್. "ನಾಳೆ ಬೆಳಿಗ್ಗೆ ಬರ್ತೀನಿ. ನೀವೇ ಬರೆದಿಡಿ."

ಅವಳು ಹೋದ ಮೇಲೆ ಪುಟ್ಟಿ ಕಾಗದವನ್ನು ನೋಡಿ, ಖುಷಿಯಿಂದ ಅಪ್ಪಿಕೊಂಡಳು. "ಇನ್ನೇನು ಯೋಚನೆ ಅಕ್ಕಾ, 'ಮೊದಲಿನ ಹಾಗೇ' ಅಂತ ಬರೆದುಬಿಡು," ಎಂದು ಹೇಳಿ, ಕಾರು ಹತ್ತಿ ಪಟ್ಟಣಕ್ಕೆ ಹೊರಟಳು.

ಸಂಜೆಯ ಬೆಳಕು ಇನ್ನೂ ಮೇಜಿನ ಮೇಲಿತ್ತು. ಬೀಗದಕ್ಕ ಚಹಾ ಮಾಡಿಕೊಂಡು, ಕನ್ನಡಕ ಹಾಕಿಕೊಂಡು ಕೂತಳು. ಹೆಸರಿನ ಜಾಗದಲ್ಲಿ ಹೆಸರು ಬರೆದಳು. ಯಾರೂ ಕರೆಯದೆ ಬಿಟ್ಟದ್ದರಿಂದ ಅದು ಹೊಸದರಂತೆ ಕಂಡಿತು. ಹುದ್ದೆಗೆ ಬಂದಾಗ ಗೋಡೆಯ ಕಡೆ ಒಮ್ಮೆ ತಿರುಗಿ, ಗಂಡನ ಪತ್ರದಿಂದಲೇ ಅಕ್ಷರ ನೋಡಿಕೊಂಡು, 'ಮನೆಯ ಮೇಲ್ವಿಚಾರಕಿ' ಎಂದು ಬರೆದಳು.

ಮೂರನೆಯ ಜಾಗದಲ್ಲಿ ಪೆನ್ನು ನಿಂತಿತು. ಮೊದಲಿನ ಹಾಗೇ ಎಂದು ಬರೆದರೆ ಎಲ್ಲರಿಗೂ ಸಮಾಧಾನ. ಹೊಸ ಹೆಂಗಸು ಒಳ್ಳೆಯವಳು, ಮೊದಲ ದಿನವೇ ಕೊಂಕು ತೆಗೆದಳು ಎನಿಸಿಕೊಳ್ಳಬಾರದು. ನಾಲ್ಕೂವರೆಯ ಪಡಸಾಲೆ, ಕನ್ನಡಿ, ತನ್ನ ಹೆಜ್ಜೆಯ ಸದ್ದು, ಅದೂ ಕೈತಪ್ಪುತ್ತದೆ. ಅವಳು ಇದನ್ನೆಲ್ಲ ತೂಗಿ ನೋಡಿದಳು. ಆಮೇಲೆ ಗೋಡೆಯ ಮೇಲಿನ ಬಿಸಿಲು ನೆನಪಾಯಿತು, ಉಪ್ಪಿನ ಚಹಾ ನೆನಪಾಯಿತು.

'ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ,' ಎಂದು ಬರೆದಳು. ಹಾಗಾದರೆ ಪೂರ್ವದ ಕಿಟಕಿಗಳು? ಕುದುರೆ ಸಾಕಿದವರು ಐದಕ್ಕೆ ಏಳದೆ ವಿಧಿಯಿಲ್ಲ ಎಂಬುದು ಲಾಯದವನ ಹೆಂಡತಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೊನೆಯ ಹನಿ ಚಹಾ ಮುಗಿಸಿ, ಅಡಿಯಲ್ಲಿ ಇನ್ನೊಂದು ಸಾಲು ಸೇರಿಸಿದಳು: 'ಬೆಳಗಿನ ಕಿಟಕಿಗಳನ್ನು ಕುದುರೆಗೆಂದು ಎದ್ದವರೇ ತೆರೆಯತಕ್ಕದ್ದು.'