ಕೂನೂರಿನ ಗುಲಾಬಿ, ಬೈರಸಂದ್ರದ ನಿಂಬೆ

ಬಸವನಗುಡಿಯ ಕೂಡುಮನೆಯಲ್ಲಿ ಚೂಡಾಮಣಿಗೆ ತನ್ನದೆಂದು ಇದ್ದ ನೆಲವೆಂದರೆ ಬಚ್ಚಲ ನೀರು ಹರಿಯುವ ಕಡೆ ಒಂದು ಮೊಳದಗಲ ಮಣ್ಣು. ಅಲ್ಲಿ ಕೆಸುವಿನ ಸೊಪ್ಪು ಬಿಟ್ಟರೆ ಬೇರೇನೂ ಏಳುತ್ತಿರಲಿಲ್ಲ. ಹಾಗಾಗಿ ಐವತ್ತರ ದಶಕದಲ್ಲಿ ಅವಳ ಗಂಡ ಬದರಿನಾಥ ಜಯನಗರದಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದಾಗ, ನೆಂಟರೆಲ್ಲ “ಅಷ್ಟು ದೂರ, ನರಿ ಕೂಗೋ ಜಾಗ” ಎಂದು ಮೂಗು ಮುರಿದರೆ ಚೂಡಾಮಣಿ ಮಾತ್ರ ಗೃಹಪ್ರವೇಶದ ಹೋಮದ ಹೊಗೆ ಆರುವ ಮುಂಚೆಯೇ ಹಿತ್ತಲಲ್ಲಿ ಗುಂಡಿ ತೋಡಿಸುತ್ತಿದ್ದಳು. ಮಕ್ಕಳಿಲ್ಲದ ಮನೆ. ಗಂಡ ಬೆಳಿಗ್ಗೆ ಸರ್ಕಾರಿ ಕಚೇರಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಎರಡು ವರ್ಷದೊಳಗೆ ಅವಳ ಗುಲಾಬಿಗಳನ್ನು ನೋಡಲು ಅಕ್ಕಪಕ್ಕದ ಬ್ಲಾಕಿನವರು ಬರತೊಡಗಿದರು.

ಹಿತ್ತಲ ಗೋಡೆಯಾಚೆ ಬೈರಸಂದ್ರದ ತಿಮ್ಮರಾಯಪ್ಪನ ನಿಂಬೆ ತೋಟ. ಅವನ ರಾಗಿ ಹೊಲವೆಲ್ಲ ಬಡಾವಣೆಗೆ ಹೋಗಿ, ಉಳಿದದ್ದು ಅದೊಂದು ಪಟ್ಟಿ. ಚೂಡಾಮಣಿಯ ಮನೆ ನಿಂತಿದ್ದೇ ಅವನ ಹೊಲದ ಮೇಲೆ. ಆದರೂ ಅವನಾಗಲಿ ಅವನ ಹೆಂಡತಿ ಮುನಿವೆಂಕಟಮ್ಮನಾಗಲಿ ಆ ಮಾತನ್ನು ಎತ್ತಿದವರಲ್ಲ. ಗೋಡೆಯ ಮೇಲಿಂದ ಮಂಕರಿ ತುಂಬ ಗೊಬ್ಬರ ಈಚೆ ಬರುತ್ತಿತ್ತು. ಹುಳಿಪುಡಿ, ಹಪ್ಪಳ ಆಚೆ ಹೋಗುತ್ತಿದ್ದವು.

ಚೂಡಾಮಣಿಯ ತಂಗಿ ವಾರಿಜಾ ಮದ್ರಾಸು ರಾಜ್ಯದ ಕೂನೂರಿನಲ್ಲಿದ್ದಳು; ಗಂಡನಿಗೆ ಅಲ್ಲಿ ಕಾರ್ಖಾನೆಯಲ್ಲಿ ಕೆಲಸ. ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಚೂಡಾಮಣಿ ತಂಗಿಯ ಮನೆಗೆ ಹೋದಳು. ಆ ಮನೆಯ ಕಿಟಕಿಗೆ ಒಂದು ಬಳ್ಳಿ ಗುಲಾಬಿ ಹಬ್ಬಿತ್ತು. ಹೊರಗೆ ಕೆನೆಯ ಬಣ್ಣ, ಒಳಗೆ ಹಣ್ಣಾದ ಸೀಬೆಯ ತಿರುಳಿನಂಥ ಬಣ್ಣ. ಬೆಂಗಳೂರಿನಲ್ಲಿ ಯಾರ ಬಳಿಯೂ ಅದನ್ನು ಅವಳು ಕಂಡಿರಲಿಲ್ಲ. ಬುಡದಲ್ಲಿ ಬೇರು ಬಿಟ್ಟಿದ್ದ ಒಂದು ಮರಿಗಿಡವನ್ನು ವಾರಿಜಾ ಮಣ್ಣುಸಮೇತ ಕಿತ್ತು, ಒದ್ದೆ ನಾರು ಸುತ್ತಿ ಕೊಟ್ಟಳು. ಅದನ್ನು ನೋಡಿದ ವಾರಿಜಾಳ ಗಂಡ ತಡೆದ.

“ಅತ್ತಿಗೆ, ಇದನ್ನ ಸುಮ್ನೆ ಹಾಗೇ ತಗೊಂಡು ಹೋಗೋ ಹಾಗಿಲ್ಲ. ಈ ಬೆಟ್ಟದಲ್ಲಿ ಒಂದು ಥರಾ ಬಿಳಿ ತಿಗಣೆ ಇದೆ. ಅದು ಗಡಿ ದಾಟಬಾರದು ಅಂತ ಕಾನೂನು. ಕೃಷಿ ಇಲಾಖೆಯೋರು ಗಿಡ ನೋಡಿ ಸರ್ಟಿಫಿಕೇಟ್ ಕೊಡ್ಬೇಕು. ಆಫೀಸರು ಕ್ಯಾಂಪಿನಲ್ಲಿದ್ದಾರೆ, ಸೋಮವಾರ ಬರ್ತಾರೆ.”

“ಸೋಮವಾರದವರೆಗೆ ಇರೋಕಾಗಲ್ಲಪ್ಪ, ನಿಮ್ಮ ಷಡ್ಡಕರು ಹೋಟೆಲ್ ಊಟ ಮಾಡ್ತಿದ್ದಾರೆ,” ಎಂದಳು ಚೂಡಾಮಣಿ. “ಸರಿ ಬಿಡಿ, ಗಿಡ ಇಲ್ಲೇ ಇರ್ಲಿ.”

ಆದರೆ ಹೊರಡುವ ದಿನ ಬೆಳಿಗ್ಗೆ ಯಾರೂ ನೋಡದಾಗ ಆ ಗಿಡವನ್ನು ಬೆತ್ತದ ಬುಟ್ಟಿಯ ತಳದಲ್ಲಿಟ್ಟು, ಮೇಲೆ ಮಡಿಸೀರೆ ಹೊದಿಸಿದಳು. ಬಸ್ಸು ಬಂಡೀಪುರದ ಕಾಡು ಹೊಕ್ಕು ಗಡಿಯ ಗೇಟಿನ ಬಳಿ ನಿಂತಿತು. ಖಾಕಿ ಅಂಗಿಯ ಕಾವಲುಗಾರನೊಬ್ಬ ಹತ್ತಿ, “ಗಿಡ, ಕಡ್ಡಿ, ಹಣ್ಣು ಏನಾದ್ರೂ ಇದ್ರೆ ಹೇಳ್ಬಿಡಿ” ಎನ್ನುತ್ತ ಬಂದ. ಅವಳ ಬುಟ್ಟಿಯತ್ತ ಕೈ ಚಾಚಿದ.

“ಮುಟ್ಬೇಡಪ್ಪ, ಮಡಿ. ದೇವರ ಸಾಮಾನು,” ಎಂದಳು ಚೂಡಾಮಣಿ.

ಅವನು ಬೆಂಕಿ ತಾಗಿದಂತೆ ಕೈ ಹಿಂದಕ್ಕೆಳೆದುಕೊಂಡ. “ತಪ್ಪಾಯ್ತು ತಾಯಿ,” ಎಂದು ಮುಂದೆ ಹೋದ. ಆ ಮನುಷ್ಯ ತಪ್ಪಾಯ್ತು ಎಂದದ್ದು ಮೈಸೂರು ಬರುವವರೆಗೂ ಅವಳ ಕಿವಿಯಲ್ಲಿತ್ತು. ಮೈಸೂರಿನಲ್ಲಿ ಕಾಫಿ ಕುಡಿದ ಮೇಲೆ ಮರೆತುಹೋಯಿತು.

ಗಿಡ ಹಿಡಿಯಿತು. ಮಳೆಗಾಲ ಶುರುವಾದಾಗ ಎಳೆಚಿಗುರು ಹೊಡೆಯಿತು. ಒಂದು ದಿನ ನೀರು ಹಾಕುವಾಗ ಕಾಂಡದ ಕೆಳಮೈಯಲ್ಲಿ ಹತ್ತಿಯ ಉಂಡೆಯಂಥ ಚೂರುಗಳು ಅಂಟಿಕೊಂಡಿರುವುದು ಕಣ್ಣಿಗೆ ಬಿತ್ತು. ಅಂಥ ಕಡ್ಡಿಗಳನ್ನು ಕತ್ತರಿಸಿ, ಉಳಿದದ್ದನ್ನು ಸೋಪಿನ ನೀರಿನಲ್ಲಿ ತೊಳೆದಳು. ಕತ್ತರಿಸಿದ್ದನ್ನು ಸುಡಬೇಕಿತ್ತು. ಆದರೆ ಒಲೆ ಆರಿತ್ತು, ಆಕಾಶ ಕವಿದಿತ್ತು. ಅವನ್ನೆಲ್ಲ ಒಟ್ಟು ಮಾಡಿ ಗೋಡೆಯಾಚೆ ತಿಮ್ಮರಾಯಪ್ಪನ ತಿಪ್ಪೆಗೆ ಎಸೆದಳು. ಯಾವಾಗಲೂ ಹಿತ್ತಲ ಕಸ ಎಸೆಯುತ್ತಿದ್ದುದು ಅಲ್ಲಿಗೇ.

ಆಗಸ್ಟಿನಲ್ಲಿ ಲಾಲ್‌ಬಾಗಿನ ಪುಷ್ಪ ಪ್ರದರ್ಶನದಲ್ಲಿ ಆ ಗುಲಾಬಿಗೆ ಬಹುಮಾನ ಬಂತು. ಬದರಿನಾಥ ಬೆಳ್ಳಿ ಬಣ್ಣದ ಕಪ್ಪನ್ನು ಹಜಾರದ ಗೂಡಿನಲ್ಲಿಟ್ಟು, ಬಂದವರಿಗೆಲ್ಲ ತಾನೇ ತೋರಿಸಿದ.

ಮರುವರ್ಷ ಬೇಸಿಗೆಯ ಹೊತ್ತಿಗೆ ನಿಂಬೆ ತೋಟ ಬೆಳ್ಳಗಾಯಿತು. ಮೊದಲು ತಿಪ್ಪೆಯ ಪಕ್ಕದ ಎರಡು ಮರ. ಆಮೇಲೆ ಗಾಳಿ ಬೀಸಿದ ದಿಕ್ಕಿಗೆ ಸಾಲುಸಾಲು. ರೆಂಬೆರೆಂಬೆಗೂ ಹಿಂಜಿದ ಹತ್ತಿ ಮೆತ್ತಿದಂತೆ; ಎಲೆ ಮೇಲೆ ಅಂಟು, ಅಂಟಿನ ಮೇಲೆ ಮಸಿ, ಕಾಂಡದ ತುಂಬ ಇರುವೆ. ಹೂವು ಉದುರಿದವು. ತಿಮ್ಮರಾಯಪ್ಪ ಬೂದಿ ಎರಚಿದ, ಹೊಗೆಸೊಪ್ಪಿನ ನೀರು ಚಿಮುಕಿಸಿದ. ಹುಳು ಯಾವುದಕ್ಕೂ ಜಗ್ಗಲಿಲ್ಲ.

ಚೂಡಾಮಣಿ ಗೋಡೆಯ ಬಳಿ ನಿಂತು ಒಂದು ರೆಂಬೆಯನ್ನು ಹತ್ತಿರಕ್ಕೆ ಎಳೆದು ನೋಡಿದಳು. ಅದೇ ಹತ್ತಿಯುಂಡೆ. ರೆಂಬೆಯನ್ನು ಕೈಬಿಟ್ಟು ಒಳಗೆ ಹೋಗಿ, ಬಚ್ಚಲಲ್ಲಿ ತುಂಬ ಹೊತ್ತು ಕೈ ತೊಳೆದಳು.

ಅಲ್ಲಿಗೇ ನಿಂತಿದ್ದರೆ ಆ ಪಾಪ ಮರಗಳಷ್ಟಕ್ಕೇ ಮುಗಿಯುತ್ತಿತ್ತೇನೋ. ತಿಮ್ಮರಾಯಪ್ಪನಿಗೆ ಬೋರಣ್ಣ ಎಂಬ ತಮ್ಮನಿದ್ದ. ನಿಂಬೆಯ ಪಟ್ಟಿ ಯಾರ ಪಾಲಿಗೆ ಎಂದು ಇಬ್ಬರಿಗೂ ಹಿಂದೆ ವ್ಯಾಜ್ಯವಾಗಿ, ಪಂಚಾಯಿತಿ ಅದನ್ನು ಅಣ್ಣನಿಗೆ ಕೊಟ್ಟಾಗ ಬೋರಣ್ಣ ಅಶ್ವತ್ಥಕಟ್ಟೆಯ ಮೇಲೆ ನಿಂತು, “ಅದರ ಹಣ್ಣು ನಿನ್ನ ಬಾಯಿಗೂ ಬೀಳದೆ ಹೋಗ್ಲಿ” ಎಂದು ಮಣ್ಣು ತೂರಿದ್ದ. ಆಮೇಲೆ ಮಾತುಕತೆ ಸರಿಹೋಗಿತ್ತು. ಈಗ ತೋಟ ಬೆಳ್ಳಗಾಗಲು ತಿಮ್ಮರಾಯಪ್ಪನಿಗೆ ಆ ಮಣ್ಣು ನೆನಪಾಯಿತು. ತಮ್ಮ ಮಾಟ ಮಾಡಿಸಿದ್ದಾನೆ ಎಂದು ಊರಿಗೆಲ್ಲ ಸಾರಿದ. ಅದೇ ವೈಶಾಖದಲ್ಲಿ ಬೋರಣ್ಣನ ಮಗಳ ಮದುವೆ. ಬೋರಣ್ಣ ವೀಳ್ಯ ಹಿಡಿದು ಬಂದಾಗ ತಿಮ್ಮರಾಯಪ್ಪ ಬಾಗಿಲು ತೆಗೆಯಲಿಲ್ಲ. ಹೆಂಡತಿಯನ್ನೂ ಕಳಿಸಲಿಲ್ಲ.

ಧಾರೆಯ ದಿನ ವಾಲಗದ ಸದ್ದು ತೋಟದವರೆಗೂ ಕೇಳುತ್ತಿತ್ತು. ಮುನಿವೆಂಕಟಮ್ಮ ಹಿತ್ತಲ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತಿದ್ದಳು.

“ಆ ಮಗೀನ ನಾನೇ ಎತ್ತಾಡ್ಸಿದ್ದು ಅಮ್ಮಾವ್ರೆ. ಅವ್ರವ್ವ ಬಾಣಂತೀಲಿ ಜ್ವರ ಬಂದು ಮಲಗಿದ್ದಾಗ ಮೂರು ತಿಂಗ್ಳು ನನ್ನ ಮಡ್ಲಾಗಿತ್ತು. ಇವತ್ತು ಅದರ ತಲೆಗೆ ಅಕ್ಷತೆ ಹಾಕೋ ಭಾಗ್ಯ ಇಲ್ದಂಗಾಯ್ತು. ಹುಳ ಬಂದಿದ್ದು ಮರಕ್ಕಲ್ಲ ಕಣವ್ವ, ಮನೆಗೆ.”

ಚೂಡಾಮಣಿ ಗೋಡೆಯ ಈಚೆ ನಿಂತು ಕೇಳುತ್ತಿದ್ದಳು. ಈಗ ಹೇಳಿಬಿಡಬೇಕು ಎನಿಸಿತು. ಬಾಯಿಂದ ಬಂದದ್ದು, “ಎಲ್ಲಾ ಸರಿಹೋಗುತ್ತೆ ಮುನಿವೆಂಕಟಮ್ಮ, ಅಳಬೇಡಿ” ಎಂಬ ಮಾತು. ಆಡಿದ ಮೇಲೆ ಅವಳಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು.

ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದಳು. ಬದರಿನಾಥ ಕೆಟ್ಟವನಲ್ಲ, ಅಂಜುಬುರುಕ.

“ನಾನು ಸರ್ಕಾರದ ಅನ್ನ ತಿನ್ನೋನು ಚೂಡಾ. ಕಾನೂನು ತಪ್ಪಿಸಿ ಗಿಡ ತಂದಿದ್ದು ನನ್ನ ಹೆಂಡತಿ ಅಂತ ಗೊತ್ತಾದ್ರೆ ಆಫೀಸಿನಲ್ಲಿ ತಲೆ ಎತ್ತೋ ಹಾಗಿರುತ್ತಾ? ಅದೂ ಅಲ್ದೆ ನಿನ್ನ ಗಿಡದಿಂದ್ಲೇ ಬಂತು ಅನ್ನೋಕೆ ಸಾಕ್ಷಿ ಏನು? ಗಾಳೀಲಿ ಎಲ್ಲಿಂದ್ಲೋ ಬಂದಿರಬಹುದು. ಸುಮ್ನಿರು.”

ಅವಳು ಸುಮ್ಮನಿದ್ದಳು. ಗಾಳಿಯಲ್ಲಿ ಬಂದಿರಬಹುದು ಎಂಬ ಮಾತನ್ನು ದಿನವೂ ಮನಸ್ಸಿನಲ್ಲಿ ಹೇಳಿಕೊಂಡಳು. ಹಿತ್ತಲಿಗೆ ಹೋಗುವುದು ಕಡಿಮೆಯಾಯಿತು. ಮುನಿವೆಂಕಟಮ್ಮ ಗೋಡೆಯ ಬಳಿ ಕರೆದರೆ ಒಲೆಯ ಮೇಲೆ ಹಾಲಿದೆ ಎನ್ನುತ್ತಿದ್ದಳು. ಶನಿವಾರದ ರಾಯರ ಮಠದ ಪ್ರದಕ್ಷಿಣೆ ಹೆಚ್ಚಾಯಿತು. ಯಾವ ಪ್ರದಕ್ಷಿಣೆಯಲ್ಲೂ ಸಮಾಧಾನ ಹುಟ್ಟಲಿಲ್ಲ.

ಮಳೆಗಾಲ ಕಳೆದು ಒಂದು ಬೆಳಿಗ್ಗೆ ಕೊಡಲಿ ಸದ್ದು ಕೇಳಿತು. ಅಡುಗೆಮನೆಯಿಂದ ಓಡಿ ಬಂದು ನೋಡಿದರೆ ತಿಮ್ಮರಾಯಪ್ಪ ಮರ ಕಡಿಯುತ್ತಿದ್ದ. ಅವನ ಅಪ್ಪ ನೆಟ್ಟ ಮರ. ಆಗಲೇ ಒಂದು ಸಾಲು ನೆಲಕ್ಕೆ ಒರಗಿತ್ತು. ಅವನು ಅಳುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಒಂದೇ ಸಮನೆ ಕೊಡಲಿ ಎತ್ತಿ ಇಳಿಸುತ್ತಿದ್ದ.

“ನಿಲ್ಸಿ ತಿಮ್ಮರಾಯಪ್ಪನೋರೆ!” ಎಂದು ಚೂಡಾಮಣಿ ಕೂಗಿದಳು. “ಇವತ್ತೊಂದಿನ ನಿಲ್ಸಿ. ಸಂಜೆ ಬಂದು ಹೇಳ್ತೀನಿ.”

ಗಂಡನಿಗೂ ಹೇಳದೆ ಹೊರಟಳು. ಹುಳು ಹಿಡಿದ ಒಂದು ಕಡ್ಡಿಯನ್ನು ಕಾಫಿಪುಡಿಯ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು, ಬಸ್ಸು ಹತ್ತಿ ಊರೊಳಗಿನ ಕೃಷಿ ಇಲಾಖೆಯ ಕಚೇರಿಗೆ ಹೋದಳು. ಅಲ್ಲಿ ಸಿದ್ದಲಿಂಗಯ್ಯ ಎಂಬ ಕೀಟಶಾಸ್ತ್ರದ ಅಧಿಕಾರಿಯಿದ್ದ. ಡಬ್ಬಿ ತೆರೆದು ನೋಡಿದವನೇ ಎದ್ದು ಕಿಟಕಿ ಮುಚ್ಚಿದ.

“ಇದು ಎಲ್ಲಿಂದ ಬಂತಮ್ಮ?”

“ಕೂನೂರಿಂದ. ನಾನೇ ತಂದೆ. ಸರ್ಟಿಫಿಕೇಟ್ ಇಲ್ದೆ, ಗೇಟಿನಲ್ಲಿ ಸುಳ್ಳು ಹೇಳಿ ತಂದೆ,” ಎಂದಳು. ಬರುವ ದಾರಿಯುದ್ದಕ್ಕೂ ಬೇರೆ ಬೇರೆ ರೀತಿ ಹೇಳಲು ಯೋಚಿಸಿದ್ದಳು. ಕೊನೆಗೆ ಬಂದದ್ದು ಇಷ್ಟೇ.

ಸಿದ್ದಲಿಂಗಯ್ಯ ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಆಮೇಲೆ ಅನಿಸಿತು. “ಜನ ಏನಂದ್ಕೋತಾರೆ ಅಂದ್ರೆ, ಕಾನೂನು ಇರೋದು ವ್ಯಾಪಾರದೋರಿಗೆ, ಲಾರಿಗಟ್ಟಲೆ ಸಾಗ್ಸೋರಿಗೆ ಅಂತ. ನಮ್ಮದೊಂದು ಗಿಡ, ಮನೆ ಮುಂದೆ ಇಡೋಕೆ, ಅದರಿಂದೇನು ಅಂತಾರೆ. ತಿಗಣೆಗೆ ಅದು ಗೊತ್ತಾಗುತ್ತಾ ತಾಯಿ? ಅಲ್ಲಿ ನಾಲ್ಕು ದಿನ ಕಾದಿದ್ರೆ ಅವರು ಗಿಡ ನೋಡಿ, ಔಷಧಿ ಕೊಟ್ಟು ಚೊಕ್ಕ ಮಾಡಿ ಕಳಿಸ್ತಿದ್ರು. ಬೇಡ ಅಂತಿರ್ಲಿಲ್ಲ.”

“ಈಗೇನು ಮಾಡ್ಬೇಕು? ಜುಲ್ಮಾನೆ ಹಾಕಿ, ಜೈಲಿಗೆ ಹಾಕಿ.”

“ಅದು ಮೇಲಿನೋರು ನೋಡ್ತಾರೆ. ನಿಮ್ಮ ಹೇಳಿಕೆ ಬರ್ಕೊಳ್ತೀನಿ. ಆ ಗುಲಾಬಿ ಬೇರುಸಮೇತ ಕಿತ್ತು ಸುಡಬೇಕು. ನಿಮ್ಮ ಬೀದಿಯ ಪ್ರತಿ ಕಾಂಪೌಂಡೂ ನೋಡ್ಬೇಕಾಗುತ್ತೆ, ಯಾಕೆ ಅಂತ ಕೇಳಿದ್ರೆ ಹೇಳ್ಬೇಕಾಗುತ್ತೆ. ತೋಟದಲ್ಲಿ ಕಡಿಯೋದು ನಿಲ್ಸೋಕೆ ಹೇಳಿ. ಈ ತಿಗಣೆಯನ್ನೇ ತಿಂದು ಬದುಕೋ ಒಂದು ಹುಳ ಇದೆ, ಗುಲಗಂಜಿ ಥರ ಕೆಂಪು, ಮೇಲೆ ಕಪ್ಪು. ಅದನ್ನ ತಂದು ಬಿಡ್ತೀವಿ.”

ಸಂಜೆ ಚೂಡಾಮಣಿ ಗೋಡೆ ಬಳಸಿ ತೋಟದೊಳಕ್ಕೆ ಹೋದಳು. ಕಡಿದ ಮರದ ಬೊಡ್ಡೆಯ ಮೇಲೆ ತಿಮ್ಮರಾಯಪ್ಪ ಕೂತಿದ್ದ. ಮುನಿವೆಂಕಟಮ್ಮ ಒಲೆಗೆ ಪುಳ್ಳೆ ಆಯುತ್ತಿದ್ದಳು. ಚೂಡಾಮಣಿ ನಿಂತೇ ಹೇಳಿದಳು: ಬುಟ್ಟಿ, ಗಡಿ, ಮಡಿ, ಕತ್ತರಿಸಿದ ಕಡ್ಡಿ, ತಿಪ್ಪೆ. ಒಂದನ್ನೂ ಬಿಡಲಿಲ್ಲ.

ಮುನಿವೆಂಕಟಮ್ಮ ಕೈಯಲ್ಲಿದ್ದ ಪುಳ್ಳೆ ಕೆಳಗಿಟ್ಟಳು. “ನಾನು ನಿಮ್ಮ ಗೋಡೆಗೆ ಒರಗಿ ಅತ್ತೆನಲ್ಲವ್ವಾ. ಆಗ್ಲೂ ಗೊತ್ತಿತ್ತಾ ನಿಮ್ಗೆ?”

“ಗೊತ್ತಿತ್ತು.”

ತಿಮ್ಮರಾಯಪ್ಪ ಪಕ್ಕದಲ್ಲಿದ್ದ ಕೊಡಲಿಯನ್ನು ದೂರ ಸರಿಸಿದ. ಆಮೇಲೆ, “ಮರ ಹೋದ್ರೆ ಇನ್ನೊಂದು ನೆಡ್ಬೋದು ಅಮ್ಮಾವ್ರೆ. ನನ್ ತಮ್ಮನ್ ಮಗಳ ಧಾರೆ ಇನ್ನೊಂದ್ಸಲ ಆಗಲ್ವಲ್ಲ” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಇರಿಯಿತು.

“ನಿಮ್ಮ ತಮ್ಮನ ಮನೆಗೆ ಕರ್ಕೊಂಡು ಹೋಗಿ. ಅವರ ಮುಂದೆ ನಾನೇ ಹೇಳ್ತೀನಿ.”

ಮೂವರೂ ಹೋದರು. ಬೋರಣ್ಣ ಜಗುಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ಅಣ್ಣನನ್ನು ಕಂಡು ಎದ್ದು ನಿಂತ. ಚೂಡಾಮಣಿ ಮತ್ತೊಮ್ಮೆ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಬೋರಣ್ಣ ಕಂಬಕ್ಕೆ ಒರಗಿ ಕೂತ. ಬೈಯುತ್ತಾನೆ ಎಂದುಕೊಂಡರೆ ಅವನು ಮಗುವಿನಂತೆ ಬಿಕ್ಕತೊಡಗಿದ.

“ನನ್ ಬಾಯಿಂದ್ಲೇ ಆಯ್ತು ಅಂದ್ಕಂಡಿದ್ದೆ ಕಣಣ್ಣ. ಮಾಟ ಮಾಡ್ಸಿಲ್ಲ, ಆದ್ರೆ ಮಣ್ಣು ತೂರಿದ್ದು ನಾನೇ ಅಲ್ವಾ? ಅಪ್ಪ ನೆಟ್ಟ ಮರ ನನ್ನ ನಾಲಿಗೇಲಿ ಸತ್ತವು ಅಂತ ಮುನೇಶ್ವರನಿಗೆ ಹರಕೆ ಹೊತ್ತೆ, ತಪ್ಪುಕಾಣಿಕೆ ಕಟ್ಟಿದೆ. ನೀನು ಮದುವೆಗೆ ಬರ್ದೆ ಇದ್ದಾಗ್ಲೂ ಸರಿಯಾಗೇ ಮಾಡ್ದೆ ಅಂದ್ಕಂಡೆ.”

ಚೂಡಾಮಣಿ ಇದನ್ನು ನಿರೀಕ್ಷಿಸಿರಲಿಲ್ಲ. ತಾನು ಬಾಯಿ ಮುಚ್ಚಿಕೊಂಡಿದ್ದ ಅಷ್ಟೂ ತಿಂಗಳು ತನ್ನ ಹೊರೆಯನ್ನು ಈ ಮನುಷ್ಯ ತನ್ನದೆಂದು ಹೊತ್ತುಕೊಂಡಿದ್ದ. ತಿಮ್ಮರಾಯಪ್ಪ ತಮ್ಮನ ಪಕ್ಕ ಕೂತು ಅವನ ಬೆನ್ನ ಮೇಲೆ ಕೈಯಿಟ್ಟ. ಅವಳು ಅಲ್ಲಿ ನಿಲ್ಲುವುದು ಸರಿಯಲ್ಲವೆಂದು ಒಬ್ಬಳೇ ಮನೆಗೆ ಬಂದಳು. ಮರುದಿನ ಇಲಾಖೆಯವರು ಬಂದು ಹಿತ್ತಲಲ್ಲಿ ಗುಲಾಬಿಯನ್ನು ಸುಟ್ಟರು. ಬದರಿನಾಥ ಕಚೇರಿಗೆ ಹೋಗುವ ಮುನ್ನ ಗೂಡಿನಲ್ಲಿದ್ದ ಕಪ್ಪನ್ನು ತೆಗೆದು ಟ್ರಂಕಿಗೆ ಹಾಕಿದ. ಅವನು ಹೆದರಿದಂತೆ ಏನೂ ಆಗಲಿಲ್ಲ. ಮೇಲಿನವರು ಎಚ್ಚರಿಕೆ ಕೊಟ್ಟು ಬಿಟ್ಟರು. ಬೀದಿಯವರು ಮಾತ್ರ ತಿಂಗಳುಗಟ್ಟಲೆ ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು.

ಕೆಂಪು ಹುಳುಗಳನ್ನು ಬಿಟ್ಟರು. ಮುಂದಿನ ಬೇಸಿಗೆಯ ಹೊತ್ತಿಗೆ ಉಳಿದ ಮರಗಳು ಹಸಿರಾದವು. ಬೋರಣ್ಣನ ಮಗಳು ಬಾಣಂತನಕ್ಕೆ ಬಂದಾಗ ಕೂಸಿಗೆ ಮೊದಲು ನೀರು ಎರೆದವಳು ಮುನಿವೆಂಕಟಮ್ಮ. ಚೂಡಾಮಣಿಯೊಡನೆ ಅವಳು ಮತ್ತೆ ಮಾತಾಡಿದಳು, ಆದರೆ ಗೋಡೆಗೆ ಒರಗಿ ಕಷ್ಟಸುಖ ಹೇಳಿಕೊಳ್ಳುವುದು ಮತ್ತೆಂದೂ ಆಗಲಿಲ್ಲ.

ಚೂಡಾಮಣಿ ಪ್ರದರ್ಶನಗಳಿಗೆ ಹೋಗುವುದನ್ನು ಬಿಟ್ಟಳು. ಗಿಡ ಬೆಳೆಸುವುದನ್ನು ಬಿಡಲಿಲ್ಲ. ಜಯನಗರದ ಹೆಂಗಸರು ಮದ್ರಾಸಿನ ನಾದಿನಿಗೆ, ಪುಣೆಯ ಮಗಳಿಗೆ ಗಿಡ ಕಳಿಸುವಾಗ ಅವಳನ್ನು ಕೇಳತೊಡಗಿದರು. ಯಾವ ಗಿಡ ಯಾವ ಊರಿಂದ ಹೊರಗೆ ಹೋಗಬಾರದು, ಯಾರಿಗೆ ತೋರಿಸಬೇಕು ಎಂದು ಸಿದ್ದಲಿಂಗಯ್ಯನನ್ನು ವಿಚಾರಿಸಿ ಹೇಳುತ್ತಿದ್ದಳು. “ಒಂದು ಕಡ್ಡಿ ತಾನೇ” ಎಂದು ಯಾರಾದರೂ ನಕ್ಕರೆ ತನ್ನ ಕತೆಯನ್ನೇ ಹೇಳುತ್ತಿದ್ದಳು. ಬೆನ್ನ ಹಿಂದೆ ಅವಳಿಗೆ ‘ಸರ್ಟಿಫಿಕೇಟ್ ಚೂಡಮ್ಮ’ ಎಂದು ಹೆಸರಾಯಿತು.

ಅರವತ್ನಾಲ್ಕರಲ್ಲಿ ತಿಮ್ಮರಾಯಪ್ಪ ನಿಂಬೆಯ ಪಟ್ಟಿಯನ್ನು ಸೈಟು ಮಾಡಿ ಮಾರಿದ. ಆ ಸುದ್ದಿ ಹೇಳಲು ಬಂದವನನ್ನು ಚೂಡಾಮಣಿ ಕೇಳಿಯೇಬಿಟ್ಟಳು: “ನಿಜ ಹೇಳಿ ತಿಮ್ಮರಾಯಪ್ಪನೋರೆ. ತೋಟ ಮಾರೋ ಹಾಗಾಗಿದ್ದು ನನ್ನಿಂದ್ಲೇ ಅಲ್ವಾ?”

ಅವನು ಟವಲಿನಿಂದ ಕತ್ತು ಒರೆಸಿಕೊಂಡ. “ನಿಮ್ದೂ ಒಂದು ಪಾಲೈತೆ ಅಮ್ಮಾವ್ರೆ, ಇಲ್ಲ ಅನ್ನಲ್ಲ. ಬಡಾವಣೇದು ಒಂದು ಪಾಲು. ಕೊಡ್ಲಿ ಎತ್ತಿದ್ದು ನಾನೇ, ನಂದೂ ಒಂದೈತೆ. ಯಾರ್ದೆಷ್ಟು ಅಂತ ಅಳೆಯೋಕ್ ಹೋಗ್ಬೇಡಿ.”

ಕಾಫಿ ಕುಡಿದು ಅವನು ಹೊರಟುಹೋದ. ಚೂಡಾಮಣಿ ಲೋಟ ತೊಳೆದಿಟ್ಟು ಹಿತ್ತಲಿಗೆ ಬಂದಳು. ಗೋಡೆಯಾಚೆ ಸರ್ವೆಯವರು ಆಗಲೇ ಸರಪಳಿ ಎಳೆದು ಗೂಟ ಹೊಡೆಯುತ್ತಿದ್ದರು. ಅವರಲ್ಲೊಬ್ಬ ಕುಡಿಯಲು ನೀರು ಕೇಳಿದ. ಕೊಡ ತರಲು ಒಳಗೆ ಹೋದಳು.