ಮೊಟ್ಟೆಯಿಲ್ಲದ ಕೇಕು

ತರೀಕೆರೆ ರೈಲು ನಿಲ್ದಾಣದ ಹಿಂದೆ ಡಬ್ಬಲ್‌ರೊಟ್ಟಿ ಭಟ್ಟಿ ಇಟ್ಟುಕೊಂಡಿದ್ದ ಷಡಕ್ಷರಿಯನ್ನು ಅವನ ಜನವೇ ಅರೆಮನಸ್ಸಿನಿಂದ ಕಾಣುತ್ತಿದ್ದರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮಾಡುವುದು ಮಾತ್ರ ಬಿಳಿ ದೊರೆಗಳು ತಿನ್ನುವ ತಿಂಡಿ. ಬೆಂಗಳೂರು ದಂಡಿನ ಬೇಕರಿಯಲ್ಲಿ ಹನ್ನೆರಡು ವರ್ಷ ಹಿಟ್ಟು ನಾದಿ ಕಲಿತು ಬಂದ ಕಸುಬು ಅದು. ರೈಲಿನ ಗಾರ್ಡುಗಳು, ಕಾಫಿ ತೋಟದ ಬಟ್ಲರುಗಳು ಅವನ ಗಿರಾಕಿಗಳು. ಮೊಟ್ಟೆ ಹಾಕಿ ಮಾಡಿಕೊಡು ಎಂದು ಬಟ್ಲರುಗಳು ಎಷ್ಟು ಕಾಡಿದರೂ ಅವನು ಒಪ್ಪಿದವನಲ್ಲ. ಆದರೂ ಮದುವೆ ಮುಂಜಿಗೆ ಅವನನ್ನು ಕರೆಯುವವರು ಕಡಿಮೆ.

ಹೀಗಿರುವಾಗ ಅಜ್ಜಂಪುರದ ಹತ್ತಿ ವರ್ತಕ ಜಯದೇವಪ್ಪ ತಾವಾಗಿಯೇ ಭಟ್ಟಿಯ ಬಾಗಿಲಿಗೆ ಬಂದರು.

"ಮಗಳ ಮದ್ವೆ ಐತೆ ಕಣಯ್ಯ. ಹತ್ತಿ ಕಂಪ್ನಿ ದೊರೆ ಬತ್ತೀನಿ ಅಂದವ್ನೆ. ಅವ್ರ ಮದ್ವೇಲಿ ಬೆಳ್ಳಗೆ ಗೋಪುರ್ದಂಗೆ ಕೇಕು ಇಡ್ತಾರಲ್ಲ, ಮೂರಂತಸ್ತಿಂದು, ಅಂಥದ್ದು ಆಗ್ಬೇಕು. ನಮ್ಮೋನು ಅಂತ ನಿನ್ನ ಹತ್ರ ಬಂದೆ. ಮೊಟ್ಟೆ ಸೋಕಂಗಿಲ್ಲ."

'ನಮ್ಮೋನು' ಎಂಬ ಆ ಒಂದು ಮಾತಿಗೆ ಷಡಕ್ಷರಿ ಕರಗಿ ಹೋದ. "ಸೋಕಲ್ಲ ಯಜಮಾನ್ರೆ" ಎಂದು ಕೈಮುಗಿದ. ಮೊಟ್ಟೆಯಿಲ್ಲದೆ ಅಷ್ಟೆತ್ತರದ ಕೇಕು ನಿಲ್ಲುತ್ತದೆಯೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ.

ಮೊದಲ ಸಲ ಮಾಡಿದ್ದನ್ನು ಡಬ್ಬಿಯಲ್ಲಿಟ್ಟುಕೊಂಡು, ಬೀರೂರಿನಲ್ಲಿ ರೈಲು ಬದಲಿಸಿ ಅಜ್ಜಂಪುರಕ್ಕೆ ಒಯ್ದ. ಮದುಮಗಳು ತೀರ್ಥಮ್ಮ ಹದಿನಾರರ ಹುಡುಗಿ, ಮಾತಿನ ಮಲ್ಲಿ. ಒಂದು ತುಂಡು ಕಚ್ಚಿ ನೋಡಿ, "ಷಡಕ್ಷರಣ್ಣ, ಇದ್ನ ಗೋಡೆ ಕಟ್ಟಾಕೆ ತಂದ್ರಾ?" ಎಂದು ನಕ್ಕಳು. ಎರಡನೆಯದು ನಡುವೆ ಕುಸಿದು ಬಾಣಲೆಯಂತಾಗಿತ್ತು. ಮೂರನೆಯ ಸಲ ಹುಳಿಮೊಸರಿಗೆ ಸೋಡಾ ಬೆರೆಸಿ, ಬೆಣ್ಣೆಯನ್ನು ತೋಳು ಬೀಳುವಷ್ಟು ಹೊತ್ತು ತಿರುವಿ, ಸಣ್ಣ ಕಾವಿನಲ್ಲಿ ಬೇಯಿಸಿದ. ತೀರ್ಥಮ್ಮ ಕಣ್ಣು ಮುಚ್ಚಿಕೊಂಡು ತಿಂದಳು. "ಏಲಕ್ಕಿ ಹಾಕಿ ಅಣ್ಣ, ದೊರೆ ಹಾಳಾಗೋಗ್ಲಿ, ತಿನ್ನೋಳು ನಾನು" ಎಂದಳು.

ಜಯದೇವಪ್ಪನವರಿಗೆ ಅಷ್ಟಕ್ಕೇ ನಂಬಿಕೆ ಬರಲಿಲ್ಲ. ಮದುವೆಯ ಕೇಕು ತಮ್ಮ ಕಣ್ಣೆದುರೇ ಆಗಬೇಕೆಂದರು. ಷಡಕ್ಷರಿ ಅವರ ಹಿತ್ತಿಲಲ್ಲಿ ಮಣ್ಣಿನ ಭಟ್ಟಿ ಕಟ್ಟಿದ. ಯಜಮಾನರು ಕುರ್ಚಿ ಹಾಕಿಸಿಕೊಂಡು ಎರಡು ದಿನ ಅಲ್ಲೇ ಕೂತರು. ಪಕ್ಕದಲ್ಲಿ ಮಗಳು. ಹಿಟ್ಟು, ಮೊಸರು, ಬೆಣ್ಣೆ, ಎಲ್ಲ ಅವರದೇ ಉಗ್ರಾಣದ್ದು. ಸಕ್ಕರೆ ಪಾಕವನ್ನು ಬೆಳ್ಳಗಾಗುವ ತನಕ ತಿಕ್ಕಿ ಮೂರಂತಸ್ತಿಗೂ ಬಳಿದ. ತನ್ನ ಹೆಂಡತಿ ಕಲ್ಲಮ್ಮ ಸಂಕ್ರಾಂತಿಯ ಅಚ್ಚುಗಳಲ್ಲಿ ಹೊಯ್ದು ಕಳಿಸಿದ್ದ ಸಕ್ಕರೆ ಗಿಳಿಗಳನ್ನು ಸುತ್ತ ಕೂರಿಸಿದ. ನೋಡಿದವರು ಬೆರಗಾದರು. ಅವನಿಗೂ ತನ್ನ ಕೈಯ ಮೇಲೆ ಅಭಿಮಾನ ಉಕ್ಕಿ ಬಂತು.

ಧಾರೆಯ ದಿನ ದೊರೆಯ ಬದಲು ತಂತಿ ಬಂತು: ಬರಲಾಗುವುದಿಲ್ಲ.

ಬೀಗರು ಶಿವನಿಯವರು. ಗಂಡಿನ ತಂದೆ ಶಿವಮೂರ್ತಪ್ಪ ದೊರೆಯನ್ನು ತೋರಿಸುತ್ತೇನೆಂದು ನೆಂಟರಿಷ್ಟರನ್ನೆಲ್ಲ ಕರೆತಂದಿದ್ದ. ಈಗ ಅವರ ಮುಂದೆ ಮುಖಭಂಗವಾಗಿ ಕುದಿಯುತ್ತಿದ್ದ. ಆ ಸಿಟ್ಟಿಗೆ ಕೇಕು ಸಿಕ್ಕಿತು.

"ಇದ್ಕೆ ಮೊಟ್ಟೆ ಒಡ್ದು ಹಾಕ್ತಾರಲ್ವಾ ಬೀಗ್ರೆ?" ಚಪ್ಪರವೆಲ್ಲ ಕೇಳುವಂತೆ ಅಂದ. "ಲಿಂಗ ಕಟ್ಟಿದೋರ ಬಾಯಿಗೆ ಮೊಟ್ಟೆ ಇಡಾಕೆ ಕರೆಸಿದ್ರಾ? ನಡೀರಪ್ಪಾ, ಗಾಡಿ ಕಟ್ಟಿ!"

ಷಡಕ್ಷರಿಗೆ ಗಾಬರಿಯೇನೂ ಆಗಲಿಲ್ಲ. ಯಜಮಾನರೇ ಕೂತು ನೋಡಿದ್ದಾರೆ, ಒಂದು ಮಾತು ಹೇಳಿದರೆ ಮುಗಿಯಿತು ಎಂದು ಅವರ ಮುಖ ನೋಡಿದ. ಜಯದೇವಪ್ಪ ಎದ್ದು ನಿಂತ ಬೀಗರನ್ನು ನೋಡಿದರು, ಹಸೆಯ ಮೇಲಿದ್ದ ಮಗಳನ್ನು ನೋಡಿದರು. ಆಮೇಲೆ ಕಾಲಿನ ಮೆಟ್ಟು ಕೈಗೆ ತೆಗೆದುಕೊಂಡು ಷಡಕ್ಷರಿಯ ಕೆನ್ನೆಗೆ ಬಾರಿಸಿದರು.

"ಇಲ್ಲ ಅಂತ ಆಣೆ ಮಾಡಿದ್ಯಲ್ಲೋ ಕಳ್ಳ! ನಂಬಿಸಿ ನನ್ನ ಕುತ್ತಿಗೆ ಕೊಯ್ದ್ಯಲ್ಲೋ!"

"ಯಜಮಾನ್ರೆ, ನೀವೇ ಪಕ್ಕದಲ್ಲಿ..."

ಮತ್ತೊಂದು ಏಟು ಬಿತ್ತು. ಶಿವಮೂರ್ತಪ್ಪನಿಗೆ ಅದೂ ಸಾಲಲಿಲ್ಲ. "ಪಾಪ ಮಾಡ್ದೋನೆ ಉಣ್ಲಿ" ಎಂದ. ಷಡಕ್ಷರಿಯನ್ನು ಅಂಗಳದ ಮಣ್ಣಿನಲ್ಲಿ ಕೂರಿಸಿ ಕೇಕು ಮುಂದಿಟ್ಟರು. ಇಬ್ಬರು ಹೆಗಲು ಹಿಡಿದರು. ತಿಂದ. ಮೊದಲ ಅಂತಸ್ತಿನ ಅರ್ಧಕ್ಕೆ ಗಂಟಲು ಕಟ್ಟಿತು. ನೀರು ಕೇಳಿದ, ಯಾರೂ ಕೊಡಲಿಲ್ಲ. ವಾಂತಿಯಾಯಿತು, ಮತ್ತೆ ತಿನ್ನಿಸಿದರು. ಮಕ್ಕಳು ಸಕ್ಕರೆ ಗಿಳಿಗಳನ್ನು ಕಿತ್ತು ಅವನ ತಲೆಗೆ ಎಸೆದು ನಕ್ಕವು. ಕೇಕು ಹದವಾಗಿ ಬೆಂದಿದೆ, ಏಲಕ್ಕಿ ಸರಿಯಾಗಿದೆ ಎಂದು ಆ ಹೊತ್ತಿನಲ್ಲೂ ಅವನ ನಾಲಗೆಗೆ ತಿಳಿಯಿತು. ಅದಕ್ಕೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಯಿತು. ಒಮ್ಮೆ ತಲೆಯೆತ್ತಿ ಹಸೆಯ ಕಡೆ ನೋಡಿದ. ತೀರ್ಥಮ್ಮ ಬಾಸಿಂಗದ ಮರೆಯಲ್ಲಿ ತಲೆ ತಗ್ಗಿಸಿದ್ದಳು.

ಬೀಗರು ಸಮಾಧಾನವಾಗಿ ಊಟಕ್ಕೆ ಕೂತರು.

ತಿಂಗಳೊಳಗೆ ಕುಲದ ಹಿರಿಯರು ಷಡಕ್ಷರಿಗೆ ಬಹಿಷ್ಕಾರ ಹಾಕಿದರು. ಬೆಂಕಿ ಇಲ್ಲ, ನೀರಿಲ್ಲ. ಕಲ್ಲಮ್ಮನ ಅಣ್ಣ ಬುಕ್ಕಾಂಬುಧಿಯಿಂದ ಬಂದು, "ಇವನ ಜೊತೆಗಿದ್ರೆ ನೀನೂ ಹೊರಗೇ ಕಣವ್ವ" ಎಂದ. ಅವಳು ಎರಡು ದಿನ ಅತ್ತು, ಮೂರನೆಯ ದಿನ ಗಂಟು ಕಟ್ಟಿಕೊಂಡು ಅಣ್ಣನ ಹಿಂದೆ ಹೊರಟಳು.

ಷಡಕ್ಷರಿ ಒಮ್ಮೆ ಅಜ್ಜಂಪುರಕ್ಕೆ ಹೋಗಿ ಜಯದೇವಪ್ಪನವರ ಕಾಲು ಹಿಡಿದ. "ಮೊಟ್ಟೆ ಇರ್ಲಿಲ್ಲ ಅಂತ ಹಿರೀರ ಮುಂದೆ ಒಂದ್ಮಾತು ಹೇಳಿ ಯಜಮಾನ್ರೆ. ನನ್ನ ಹೆಂಡ್ರು ಮನೆಗೆ ಬತ್ತಾಳೆ."

"ಇರ್ಲಿಲ್ಲ, ನಂಗೊತ್ತಿಲ್ವಾ?" ಎಂದರು ಅವರು, ಬಹಳ ಮೃದುವಾಗಿ. "ಈಗ ಹಂಗಂದ್ರೆ ಬೀಗ್ರು ಸುಳ್ಳುಗಾರ್ರು ಅಂದಂಗಾಯ್ತದೆ. ನನ್ನ ಮಗಳು ಆ ಮನೇಲಿ ಬಾಳ್ಬೇಕಲ್ಲಪ್ಪ. ನೀನು ಹೆಂಗೋ ಬದುಕ್ತೀಯ, ಹೋಗು."

ಅವನು ಹೇಗೋ ಬದುಕಿದ. ಊರಿನವರು ಯಾರೂ ಕೊಳ್ಳದ ಕಾರಣ ತಟ್ಟೆ ಹೊತ್ತು ರೈಲಿನ ಡಬ್ಬಿಯಿಂದ ಡಬ್ಬಿಗೆ ಬನ್ನು ಮಾರಿದ. ಆರು ವರ್ಷದ ಮೇಲೆ ಒಂದು ಮಧ್ಯಾಹ್ನ, ಶಿವಮೊಗ್ಗಕ್ಕೆ ಹೋಗುವ ರೈಲಿನ ಕಿಟಕಿಯಲ್ಲಿ ತೀರ್ಥಮ್ಮ ಕಂಡಳು. ಮೈಕೈ ತುಂಬಿಕೊಂಡಿದ್ದಳು. ತೊಡೆಯ ಮೇಲಿದ್ದ ಮಗ ಬನ್ನಿಗೆ ಕೈಚಾಚಿದ. ಷಡಕ್ಷರಿ ಬಿಸಿಯಾದದ್ದನ್ನೇ ಆರಿಸಿ ಕಿಟಕಿಯ ಹತ್ತಿರ ಹಿಡಿದ. ಅವಳು ಅವನ ಮುಖ ನೋಡಿದಳು, ಗುರುತು ಹಿಡಿದಳು. ಜೊತೆಯಲ್ಲಿ ಗಂಡನಿರಲಿಲ್ಲ, ಅತ್ತೆಯಿರಲಿಲ್ಲ, ಇದ್ದದ್ದು ಒಬ್ಬ ಆಳು ಹೆಂಗಸು ಮಾತ್ರ.

"ಅವ್ನ ಹತ್ರ ಬ್ಯಾಡ ಮಗ" ಎಂದು ಮಗುವಿನ ಕೈ ಎಳೆದುಕೊಂಡಳು. "ಮೊಟ್ಟೆ ಹಾಕ್ತಾನೆ."

ಸಿಳ್ಳೆಯಾಯಿತು. ಷಡಕ್ಷರಿ ಬನ್ನನ್ನು ತಟ್ಟೆಗಿಟ್ಟು, ಮುಂದಿನ ಡಬ್ಬಿಯಲ್ಲಿ ಕೂಗಿದವರ ಕಡೆಗೆ ಓಡಿದ.